ಫೋಟೊದಲ್ಲಿ ಕೂತವರು ಯಾರು? ಮೆಸಯೀದ್‌ನ ಒಂದು ಸೂಟ್‌ಕೇಸ್

ಪ್ರತಿ ಸಲ ಯಾವುದಾದರೊಂದು ಜೀವಿಯನ್ನೋ ಜೀವಕೋಶವನ್ನೋ ಹಿಡಿದುಕೊಂಡು ನಿಮ್ಮ ಮುಂದೆ ಬರ್ತಿದ್ವಿ. ಈ ಸಲ ಹಿಡಿದುಕೊಂಡು ಬಂದಿರೋದು ಒಂದು ಹಳೇ ಸೂಟ್‌ಕೇಸ್. ಅದು ಸಿಕ್ಕಿದ್ದು ಕತಾರ್ ದೇಶದ ಮೆಸಯೀದ್‌ನಲ್ಲಿ, ನಮ್ಮ ಚಿಕ್ಕಪ್ಪನ ಕ್ವಾರ್ಟರ್ಸಿನ ಕಪಾಟಿನ ಮೇಲೆ.

ಮೆಸಯೀದ್ ಇರೋದು ದೋಹಾದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳಿನ ದಿಬ್ಬ, ನಡುವೆ ಕಾರ್ಖಾನೆಗಳ ಚಿಮಣಿ ಮತ್ತು ಕೊಳವೆಗಳು. ಕತಾರ್ ಮೊತ್ತಮೊದಲು ಕಚ್ಚಾ ತೈಲ ರಫ್ತು ಮಾಡಿದ್ದು 1949ರ ಕೊನೆಯಲ್ಲಿ, ಈ ಬಂದರಿನಿಂದಲೇ. ಆಮೇಲೆ 1969ರಲ್ಲಿ ಗೊಬ್ಬರದ ಕಂಪನಿ, 1974ರಲ್ಲಿ ಉಕ್ಕಿನ ಕಂಪನಿ ಸ್ಥಾಪನೆಯಾದವು. ಕೆಲಸ ಹುಡುಕಿಕೊಂಡು ನಮ್ಮ ಕರಾವಳಿಯವರೂ ಬಂದರು. ಚಿಕ್ಕಪ್ಪ ಬಂದದ್ದು 1986ರಲ್ಲಿ. ವೀಸಾ ಕಳಿಸಿದ್ದು ಅವರ ಸೋದರಮಾವ, ಅಂದ್ರೆ ನಮ್ಮ ಅಜ್ಜಿಯ ತಮ್ಮ. ಆ ಮಾವ 1976ರಲ್ಲೇ ಇಲ್ಲಿಗೆ ಬಂದು ವೆಲ್ಡಿಂಗ್ ಕೆಲಸಕ್ಕೆ ಸೇರಿದ್ದರು. ಅವರು ಈಗ ಇಲ್ಲ.

ಚಿಕ್ಕಪ್ಪನಿಗೆ ಈಗ ನಿವೃತ್ತಿ. ಕ್ವಾರ್ಟರ್ಸ್ ಖಾಲಿ ಮಾಡಲು ಉಳಿದಿದ್ದು ಎರಡೇ ವಾರ, ಟಿಕೆಟ್ಟಿನಲ್ಲಿ ಇರೋದು 30 ಕಿಲೋ. ಸಾಮಾನು ಕಟ್ಟೋದಕ್ಕೆ ಸಹಾಯ ಮಾಡಲು ದೋಹಾದಿಂದ ಹೋಗಿದ್ದೆವು. ಮಾವನಿಂದ ಬಂದ ಆ ಸೂಟ್‌ಕೇಸ್ ಕೆಳಗಿಳಿಸಿದಾಗ ಚಿಕ್ಕಪ್ಪ ಅಂದದ್ದು ಒಂದೇ ಮಾತು: "ಅದರಲ್ಲಿ ಬರೀ ಹಳೇ ಕಾಗದ ಇರೋದು. ಬಿಸಾಡಿ."

ಬಿಸಾಡಲಿಲ್ಲ. ಅದರೊಳಗಿನ ಮೂರು ಕಾಗದ ಮತ್ತು ಒಂದು ಫೋಟೊ ನಮ್ಮ ಮನೆಯ ಒಂದು ಹಳೇ ನಂಬಿಕೆಯನ್ನು ಬದಲಾಯಿಸಿದವು. ಅದು ಹೇಗೆ ಅನ್ನೋದೇ ಇವತ್ತಿನ ಕಂತು.

ಮೊದಲು ಫೋಟೊ. ಸ್ಟುಡಿಯೋದಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರ. ಕುರ್ಚಿಯಲ್ಲಿ ಒಬ್ಬ ಹೆಂಗಸು, ಅಕ್ಕಪಕ್ಕ ಇಬ್ಬರು ಹುಡುಗಿಯರು, ಹೆಂಗಸಿನ ತೊಡೆಯ ಮೇಲೆ ನೆಟ್ಟಗೆ ಕೂತ ಒಂದು ಗಂಡು ಮಗು. ಇದೇ ಚಿತ್ರದ ದೊಡ್ಡ ಪ್ರತಿ ಊರಿನ ಮನೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದೆ. ಚಿಕ್ಕವರಿದ್ದಾಗಿನಿಂದ ನಾವೆಲ್ಲ ಅದಕ್ಕೆ ಕೈ ಮುಗಿದವರೇ. ಕುರ್ಚಿಯಲ್ಲಿ ಕೂತವರು ಮುತ್ತಜ್ಜಿ, ಅಂದ್ರೆ ಅಜ್ಜಿಯ ಅಮ್ಮ, ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸೂಟ್‌ಕೇಸಿನಲ್ಲಿದ್ದ ಚಿಕ್ಕ ಪ್ರತಿಗೆ ಚೌಕಟ್ಟು ಇರಲಿಲ್ಲವಾದ್ದರಿಂದ ಹಿಂಬದಿ ನೋಡೋದಕ್ಕೆ ಸಿಕ್ಕಿತು. ಅಲ್ಲಿ ಅರ್ಧ ಅಳಿಸಿದ ರಬ್ಬರ್ ಮೊಹರು ಬಿಟ್ಟರೆ ಒಂದಕ್ಷರವೂ ಇಲ್ಲ.

ಎರಡನೆಯದು ಅಜ್ಜಿಯ ಹಳೇ ಪಾಸ್‌ಪೋರ್ಟಿನ ಜೆರಾಕ್ಸ್. ಹುಟ್ಟಿದ ದಿನ: 1-6-1934. ಈ ಜೂನ್ 1 ನೋಡಿದ ಕೂಡಲೇ ನಿಮ್ಮಲ್ಲಿ ಎಷ್ಟೋ ಜನ ನಕ್ಕಿರ್ತೀರಿ. ನಮ್ಮ ಅಪ್ಪ-ಅಜ್ಜಂದಿರ ತಲೆಮಾರಿನಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ಶಾಲೆ ಶುರುವಾಗೋ ದಿನವನ್ನೇ ಮೇಷ್ಟ್ರು ಹುಟ್ಟಿದ ದಿನ ಮಾಡಿಬಿಡುತ್ತಿದ್ದರು. ಅದೇ ಅಭ್ಯಾಸ ಮುಂದೆ ಅರ್ಜಿ ತುಂಬುವವರಿಗೂ ಬಂತು. ಹಾಗಾಗಿ ಜೂನ್ 1 ಕಂಡಲ್ಲೆಲ್ಲ "ಇದು ಅಂದಾಜು" ಅಂತ ಓದಿಕೊಳ್ಳಬೇಕು.

ಮೂರನೆಯದು ಅಜ್ಜಿಯ ಜಾತಕದ ಚೀಟಿ: ಬಹುಧಾನ್ಯ ಸಂವತ್ಸರ, ಸಿಂಹ ಮಾಸ. ಸಂವತ್ಸರಗಳು 60. ಒಂದು ಸುತ್ತು ಮುಗಿದರೆ ಮತ್ತೆ ಅದೇ ಹೆಸರು ಬರುತ್ತದೆ. ಬಹುಧಾನ್ಯ ಬಂದದ್ದು 1878ರಲ್ಲಿ, 1938ರಲ್ಲಿ, 1998ರಲ್ಲಿ. ಅಜ್ಜಿಗೆ ಹೊಂದೋದು ನಡುವಿನದು ಮಾತ್ರ. ಸಿಂಹ ಮಾಸ ಅಂದ್ರೆ ಸೌರಮಾನದಲ್ಲಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಅಂದ್ರೆ ಪಾಸ್‌ಪೋರ್ಟಿಗೂ ಜಾತಕಕ್ಕೂ ನಾಲ್ಕು ವರ್ಷದ ವ್ಯತ್ಯಾಸ. ಯಾವುದನ್ನು ನಂಬೋದು?

ಲ್ಯಾಬಿನಲ್ಲಿ ಎರಡು ಅಳತೆ ಜಗಳ ಆಡಿದರೆ ನಾವು ಮಾಡೋದು ಇಷ್ಟು: ಮೂರನೆಯ, ಸ್ವತಂತ್ರವಾದ ಅಳತೆ ಹುಡುಕೋದು. ಇಲ್ಲಿ ಆ ಅಳತೆ ಸಿಕ್ಕಿದ್ದು 1952ರ ನವೆಂಬರಿನ ಒಂದು ವಿಭಾಗ ಪತ್ರದಲ್ಲಿ. ಯಾವುದೋ ಜಾಗದ ತಕರಾರಿಗೆ ಅಂತ ಮಾವ ಅದರ ನಕಲು ತರಿಸಿಟ್ಟುಕೊಂಡಿದ್ದರು.

ಈ ಪತ್ರದ ಹಿನ್ನೆಲೆ ಸ್ವಲ್ಪ ಹೇಳಬೇಕು. ದಕ್ಷಿಣ ಕನ್ನಡ ಆಗಿನ್ನೂ ಮದ್ರಾಸಿಗೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ತುಳುನಾಡಿನ ಅನೇಕ ಸಮುದಾಯಗಳಲ್ಲಿದ್ದಂತೆ ನಮ್ಮ ಅಜ್ಜಿಯ ಮನೆಯಲ್ಲೂ ಅಳಿಯಸಂತಾನ ಪದ್ಧತಿ ಇತ್ತು. ಆಸ್ತಿ, ಮನೆತನ, ಬಳಿ ಎಲ್ಲವೂ ಹೆಣ್ಣಿನ ಕಡೆಯಿಂದ ಇಳಿದು ಬರೋದು. ಗಂಡಸಿನ ವಾರಸುದಾರ ಅವನ ಮಗ ಅಲ್ಲ, ಅಕ್ಕತಂಗಿಯರ ಮಕ್ಕಳು. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು, ಹೀಗೆ ಹೆಣ್ಣಿನ ದಾರಿಯಲ್ಲಿ ಇಳಿಯುವ ಒಂದು ಕವಲಿಗೆ ಕಾನೂನಿನ ಭಾಷೆಯಲ್ಲಿ 'ಕವರು' ಅಂತ ಹೆಸರು. ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದದ್ದು 1949ರಲ್ಲಿ. ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಅದು ಕವರುಗಳಿಗೆ ಕೊಟ್ಟಿತು. ನಮ್ಮ ಪತ್ರ ಅದಾಗಿ ಮೂರು ವರ್ಷಕ್ಕೆ ಬರೆದದ್ದು.

ಕುಟುಂಬದ ಚರಿತ್ರೆ ಹುಡುಕುವವರಿಗೆ ಇಂಥ ಪತ್ರ ನಿಧಿ ಇದ್ದ ಹಾಗೆ. ಯಾಕೆ ಅಂದ್ರೆ ಪಾಲು ಲೆಕ್ಕ ಹಾಕೋದೇ ಹೆಂಗಸರನ್ನು ಹಿಡಿದು. ಬೇರೆ ಯಾವ ದಾಖಲೆಯಲ್ಲೂ ಕಾಣದ ಹೆಂಗಸರ ಹೆಸರು, ವಯಸ್ಸು, ಮಕ್ಕಳು ಇಲ್ಲಿ ಸಾಲಾಗಿ ಇರುತ್ತವೆ. ಅಜ್ಜಿಯ ಹೆಸರೂ ಇತ್ತು. ವಯಸ್ಸು 14, ಮೈನರ್. 1938ರ ಸಿಂಹ ಮಾಸಕ್ಕೆ ಇದು ಸರಿಯಾಗಿ ಕೂರುತ್ತದೆ. ಪಾಸ್‌ಪೋರ್ಟಿನ 1934 ನಿಜವಾಗಿದ್ದರೆ ಅಷ್ಟೊತ್ತಿಗೆ ಅವರಿಗೆ 18 ತುಂಬಿ, ಮೈನರ್ ಅಂತ ಬರೆಯುವ ಪ್ರಶ್ನೆಯೇ ಇರಲಿಲ್ಲ. ಜಾತಕ ಗೆದ್ದಿತು. "ಹಾಗಾದರೆ ಅಮ್ಮನಿಗೆ ನಾಲ್ಕು ವರ್ಷ ಕಡಿಮೆ ಆಯ್ತು" ಅಂತ ಚಿಕ್ಕಪ್ಪ ಖುಷಿಪಟ್ಟರು.

ಅದೇ ಸಾಲನ್ನು ಇನ್ನೊಮ್ಮೆ ಓದಿದಾಗ ಮಾತ್ರ ಇಬ್ಬರೂ ಸುಮ್ಮನಾದೆವು. ಅಜ್ಜಿ ಮತ್ತು ಅವರ 6 ವರ್ಷದ ತಮ್ಮನ ಹೆಸರಿನ ಮುಂದೆ ಒಬ್ಬ ಹೆಂಗಸಿನ ಹೆಸರು, ಅದರ ಹಿಂದೆ 'ದಿವಂಗತ' ಎಂಬ ಪದ. ಇಬ್ಬರು ಮಕ್ಕಳ ಪರವಾಗಿ ಗಾರ್ಡಿಯನ್ ಆಗಿ ಹೆಬ್ಬೆಟ್ಟು ಒತ್ತಿದ್ದು ಮತ್ತೊಬ್ಬ ಹೆಂಗಸು: ಆ ದಿವಂಗತರ ಅಕ್ಕ. ಮುತ್ತಜ್ಜಿ 1952ಕ್ಕೆ ಮೊದಲೇ ತೀರಿಹೋಗಿದ್ದರು ಅನ್ನೋದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮತ್ತೆ ಫೋಟೊ ಕೈಗೆ ತಗೊಂಡೆವು. ತಮ್ಮ 1952ರಲ್ಲಿ 6 ವರ್ಷದವನಾದರೆ ಹುಟ್ಟಿದ್ದು 1946ರ ಆಸುಪಾಸು. ಫೋಟೊದಲ್ಲಿ ಮಗು ಯಾರ ಆಧಾರವೂ ಇಲ್ಲದೆ ಬೆನ್ನು ನೆಟ್ಟಗೆ ಮಾಡಿ ಕೂತಿದೆ. ಮಕ್ಕಳು ಹಾಗೆ ಕೂರೋದನ್ನು ಕಲಿಯೋದು ಸಾಮಾನ್ಯವಾಗಿ 4ರಿಂದ 9 ತಿಂಗಳ ನಡುವೆ. ಅಂದ್ರೆ ಫೋಟೊ ತೆಗೆದಾಗ ಮಗುವಿಗೆ ಐದಾರು ತಿಂಗಳಾದರೂ ಆಗಿರಬೇಕು. ಮುತ್ತಜ್ಜಿ ಆಗ ಬದುಕಿದ್ದರೇ? ಇದಕ್ಕೆ ಉತ್ತರ ಯಾವ ಕಾಗದದಲ್ಲೂ ಇರಲಿಲ್ಲ. ಇದ್ದದ್ದು ಒಬ್ಬರ ತಲೆಯಲ್ಲಿ ಮಾತ್ರ, ಮತ್ತು ಆ ತಲೆ ಇತ್ತೀಚೆಗೆ ಮಂಜಾಗುತ್ತಿದೆ. ಅಜ್ಜಿಗೆ ಮರೆವು ಶುರುವಾಗಿ ಎರಡು ವರ್ಷವಾಯಿತು.

ಮರೆವಿನ ಕಾಯಿಲೆಯಲ್ಲಿ ನಿನ್ನೆಯ ಊಟ ಮೊದಲು ಅಳಿಸುತ್ತದೆ, ಎಳೆಯ ವಯಸ್ಸಿನ ನೆನಪು ಹೆಚ್ಚು ಕಾಲ ಉಳಿಯುತ್ತದೆ. ಫ್ರೆಂಚ್ ಮನೋವಿಜ್ಞಾನಿ ರಿಬೊ ಇದನ್ನು 1881ರಲ್ಲೇ ಬರೆದರು. ಆದರೆ ಉಳಿದ ನೆನಪಿಗೂ ಒಂದು ಅಪಾಯ ಇದೆ: ನಾವು ಕೇಳುವ ಪ್ರಶ್ನೆಯೇ ಅದನ್ನು ಕೆಡಿಸಬಹುದು. "ಇದು ನಿಮ್ಮ ಅಮ್ಮ ಅಲ್ವಾ?" ಅಂತ ಕೇಳಿದರೆ ವಯಸ್ಸಾದವರು "ಹೂಂ" ಅಂದುಬಿಡುತ್ತಾರೆ. ಯೋಚಿಸಿ ನೋಡಿದರೆ, ಇಷ್ಟು ವರ್ಷ ನಾವೆಲ್ಲ ಕೇಳಿದ್ದು ಹಾಗೇನೇ. ಉತ್ತರವನ್ನು ನಾವೇ ಕೈಗೆ ಕೊಟ್ಟು, ಆಮೇಲೆ ಅದನ್ನೇ ಸಾಕ್ಷಿ ಅಂತ ವಾಪಸ್ ತಗೊಂಡಿದ್ದೆವು.

ಹಾಗಾಗಿ ಶುಕ್ರವಾರ ಬೆಳಿಗ್ಗೆ ಮೆಸಯೀದ್‌ನಲ್ಲಿ 7 ಗಂಟೆಗೆ ವಿಡಿಯೋ ಕಾಲ್ ಮಾಡಿದೆವು. ಊರಿನಲ್ಲಿ ಆಗ ಒಂಬತ್ತೂವರೆ. ಗಂಜಿ ಊಟ ಆಗಿ ಅಜ್ಜಿ ಜಗಲಿಯಲ್ಲಿ ಕೂರುವ ಹೊತ್ತು. ದಿನದಲ್ಲಿ ಅವರ ಮನಸ್ಸು ತಿಳಿಯಾಗಿರೋದು ಆಗಲೇ. ಫೋಟೊವನ್ನು ಅತ್ತೆಯ ಫೋನಿಗೆ ಮೊದಲೇ ಕಳಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿಟ್ಟಿದ್ದೆವು. ಯಾರ ಹೆಸರನ್ನೂ ಬಾಯಿಬಿಡಬಾರದು ಅಂತ ಎಲ್ಲರಿಗೂ ಹೇಳಿದ್ದೆವು. ಚಿಕ್ಕಪ್ಪ ಕೇಳಿದರು: "ಅಮ್ಮಾ, ಇದರಲ್ಲಿ ಯಾರ್ಯಾರು ಇದ್ದಾರೆ? ಎಡಗಡೆಯಿಂದ ಹೇಳು ನೋಡುವ."

ಅಜ್ಜಿ ಬೆರಳಿಟ್ಟು ಹೇಳುತ್ತಾ ಹೋದರು. "ಇದು ಅಕ್ಕ. ಇದು ಅಮ್ಮ. ಇದು ತಮ್ಮ. ಇದು ನಾನು."

ಒಂದು ಕ್ಷಣ, ನಮ್ಮ ಲೆಕ್ಕವೆಲ್ಲ ತಪ್ಪಿತು ಅಂದುಕೊಂಡೆವು. ಚಿಕ್ಕಪ್ಪ ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದರು: "ಈ ಅಕ್ಕ ಯಾರ ಮಗಳು?"

"ಅಮ್ಮಂದು."

"ನೀನು?"

ಅಜ್ಜಿ ಏನೂ ಗೊತ್ತಿಲ್ಲದ ಮಗುವನ್ನು ನೋಡುವ ಹಾಗೆ ಫೋನನ್ನು ನೋಡಿದರು. "ನಾನು ಹೆತ್ತಮ್ಮಂದು ಅಲ್ವಾ ಮಗಾ? ಅವರು ತಮ್ಮ ಹುಟ್ಟಿ ಹತ್ತು ದಿನಕ್ಕೆ ಹೋದ್ರಲ್ಲ. ಇವರು ದೊಡ್ಡಮ್ಮ. ನಾವು ಅಮ್ಮ ಅಂತಲೇ ಕರೆಯುವುದು."

ನಮ್ಮಲ್ಲಿ ತಾಯಿಯ ಅಕ್ಕ ದೊಡ್ಡಮ್ಮ, ತಾಯಿಯ ತಂಗಿ ಚಿಕ್ಕಮ್ಮ. ಪದದೊಳಗೇ ಅಮ್ಮ ಇದ್ದಾಳೆ. ಸಾಕಿದ ದೊಡ್ಡಮ್ಮನನ್ನು ಅಮ್ಮ ಅಂದದ್ದರಲ್ಲಿ ಅಜ್ಜಿಯ ತಪ್ಪೇನೂ ಇಲ್ಲ, ಅವರು ಯಾವತ್ತೂ ಸುಳ್ಳು ಹೇಳಿರಲಿಲ್ಲ. ಅವರ ಅಮ್ಮ ಅನ್ನೋ ಪದವನ್ನು ನಾವು ನಮ್ಮ ಅರ್ಥದಲ್ಲಿ ಕೇಳಿಸಿಕೊಂಡು, ವಂಶವೃಕ್ಷದಲ್ಲಿ ತಪ್ಪಾದ ಜಾಗಕ್ಕೆ ಅಂಟಿಸಿದ್ದೆವು. ಹೆತ್ತ ತಾಯಿಯ ಒಂದು ಫೋಟೊ ಕೂಡ ಇಲ್ಲ ಅನ್ನೋದು ಅಜ್ಜಿಗೆ ಎಂಟನೇ ವಯಸ್ಸಿನಿಂದ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಆ ಹೆಂಗಸು ಬದುಕಿದ್ದಕ್ಕೆ ನಮ್ಮ ಹತ್ತಿರ ಈಗ ಇರುವ ಗುರುತು ಒಂದೇ: ವಿಭಾಗ ಪತ್ರದಲ್ಲಿ 'ದಿವಂಗತ' ಪದದ ಜೊತೆಗಿರುವ ಹೆಸರು. ಆ ಹೆಸರನ್ನು ಇಲ್ಲಿ ಹೇಳೋದಿಲ್ಲ, ಅದು ಮನೆಯೊಳಗೇ ಇರಲಿ.

ಡಿಎನ್‌ಎ ಪರೀಕ್ಷೆ ಮಾಡಿಸಿದ್ದರೆ ಇದೆಲ್ಲ ಮೊದಲೇ ಗೊತ್ತಾಗುತ್ತಿರಲಿಲ್ಲವೇ ಅಂತ ಕೆಲವರು ಕೇಳಬಹುದು. ನಮ್ಮ ಜೀವಕೋಶಗಳೊಳಗಿನ ಮೈಟೊಕಾಂಡ್ರಿಯಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ, 16,569 ಅಕ್ಷರಗಳಷ್ಟು. ಅದು ತಾಯಿಯಿಂದ ಮಾತ್ರ ಬರುತ್ತದೆ. ಗಂಡುಮಕ್ಕಳಿಗೂ ಸಿಗುತ್ತದೆ, ಆದರೆ ಅವರು ಅದನ್ನು ಮಕ್ಕಳಿಗೆ ದಾಟಿಸುವುದಿಲ್ಲ. ತುಳುನಾಡಿನ ಬಳಿಯೂ ಹಾಗೆಯೇ: ಅಣ್ಣತಮ್ಮಂದಿರಿಗೂ ಅಮ್ಮನ ಬಳಿ, ಅವರ ಮಕ್ಕಳಿಗೆ ಮಾತ್ರ ಬೇರೆ ಬಳಿ. ಅಜ್ಜಿಯ ಮೈಟೊಕಾಂಡ್ರಿಯ ನಮ್ಮ ಅಪ್ಪ, ಚಿಕ್ಕಪ್ಪನಲ್ಲಿ ಬಂದು ನಿಂತಿತು. ಮುಂದೆ ಹೋಗಿರೋದು ಅತ್ತೆಯ ಮಕ್ಕಳಿಗೆ. ಹಳೇ ಪದ್ಧತಿಯ ಪ್ರಕಾರ ಆ ಮನೆಯ ಪಾಲಿಗೂ ನಾವು ಹೊರಗಿನವರೇ!

ಆದರೆ ನಮ್ಮ ಪ್ರಶ್ನೆಗೆ ಈ ಡಿಎನ್‌ಎ ಉತ್ತರ ಕೊಡೋದಿಲ್ಲ. ಅಕ್ಕತಂಗಿಯರಿಬ್ಬರೂ ಒಂದೇ ತಾಯಿಯ ಮಕ್ಕಳು. ಹೆತ್ತಮ್ಮ, ದೊಡ್ಡಮ್ಮ ಇಬ್ಬರದ್ದೂ ಬಹುಮಟ್ಟಿಗೆ ಒಂದೇ ಮೈಟೊಕಾಂಡ್ರಿಯ, ಒಂದೇ ಬಳಿ. ಬೇರೆ ಬೇರೆ ಇದ್ದದ್ದು ಅವರ ಬದುಕು ಮಾತ್ರ. ಇನ್ನೊಂದು ಮಾತು: ಹತ್ತು ತಲೆಮಾರು ಹಿಂದೆ ಹೋದರೆ ವಂಶವೃಕ್ಷದಲ್ಲಿ 1,024 ಜಾಗಗಳು. ಮೈಟೊಕಾಂಡ್ರಿಯ ತೋರಿಸೋದು ಅದರಲ್ಲಿ ಒಂದನ್ನು, ಅಪ್ಪನಿಂದ ಮಗನಿಗೆ ಬರುವ ವೈ ವರ್ಣತಂತು ಇನ್ನೊಂದನ್ನು. ಬಳಿಯೂ ಗೋತ್ರವೂ ಹಾಗೇ. ನಾವು ವಂಶ ಅಂತ ಹೆಮ್ಮೆಪಡೋದು ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು ಎಳೆಯ ಬಗ್ಗೆ.

ಕಾಗದಗಳಿಗೂ ಇಂಥದೇ ಕುರುಡು ಜಾಗ ಇರುತ್ತದೆ. ನಮ್ಮ ಅಮ್ಮನ ಕಡೆಯವರು ಧಾರವಾಡ ಸೀಮೆಯವರು. ಅಲ್ಲಿ ಹೆಳವರು ಊರೂರು ತಿರುಗಿ, ಮನೆ ಮನೆಯ ವಂಶಾವಳಿಯನ್ನು ತಮ್ಮ ಪುಸ್ತಕದಲ್ಲಿ ಬರೆದು, ಓದಿ ಹೇಳುತ್ತಾರೆ. ನಮ್ಮ ಅಮ್ಮನ ಮನೆಯ ಹಾಳೆಯಲ್ಲಿ ಏಳು ತಲೆಮಾರಿನ ಗಂಡಸರ ಹೆಸರಿದೆ, ಹೆಂಗಸರದ್ದು ಒಂದೂ ಇಲ್ಲ. ಅಪ್ಪನ ಕಡೆಯ ವಿಭಾಗ ಪತ್ರದಲ್ಲಿ ನೋಡಿದರೆ ಅಜ್ಜಿಯ ಅಪ್ಪ ಯಾರು ಅನ್ನೋದೇ ಇಲ್ಲ! ಎರಡೂ ಸುಳ್ಳಲ್ಲ. ಬರೆದವರಿಗೆ ಯಾವುದು ಬೇಕಿತ್ತೋ ಅದನ್ನು ಬರೆದಿದ್ದಾರೆ. ಆದ್ದರಿಂದ ಯಾವ ಕಾಗದ ಸಿಕ್ಕರೂ ಮೂರು ಪ್ರಶ್ನೆ ಕೇಳಿ: ಯಾರು ಬರೆದರು? ಯಾವ ಕೆಲಸಕ್ಕೆ ಬರೆದರು? ಘಟನೆಯಾದ ಎಷ್ಟು ದಿನಕ್ಕೆ ಬರೆದರು?

ದಿನಾಂಕ ಇಲ್ಲದ ಕಾಗದಕ್ಕೆ ಕಾಲ ಹಚ್ಚೋದಕ್ಕೂ ಗುರುತುಗಳಿವೆ. ಛಾಪಾ ಕಾಗದದಲ್ಲಿ ಆಣೆ ಇದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು, ಅಲ್ಲಿಂದ ಮುಂದೆ ನಯೇ ಪೈಸೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಅಂತ ಮುದ್ರಿಸಿದ್ದರೆ ಸಾಧಾರಣವಾಗಿ 1973ರ ನವೆಂಬರ್‌ಗಿಂತ ಮೊದಲಿನದು. ಹಳೇ ನೋಂದಾಯಿತ ಪತ್ರಗಳ ನಕಲಿಗೆ ಆ ಸೀಮೆಯ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು. ಕ್ರೈಸ್ತ ಮನೆತನದವರಿಗೆ ಚರ್ಚಿನ ದೀಕ್ಷಾಸ್ನಾನ ಮತ್ತು ಮದುವೆಯ ರಿಜಿಸ್ಟರುಗಳಿವೆ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅವರ ಹಳೇ ಫೋಟೊಗಳು ಅಂತರ್ಜಾಲದಲ್ಲಿ ನೋಡಲು ಸಿಗುತ್ತವೆ.

ಕೊಲ್ಲಿ ದೇಶಗಳಲ್ಲಿರುವ ಕೇಳುಗರಿಗೆ ಒಂದು ವಿಶೇಷ ಸೂಚನೆ: ಊರಿನ ಹಳೇ ಹೆಸರು ಹುಡುಕಿ. ಮೆಸಯೀದ್‌ನ ಹಳೇ ಹೆಸರು ಉಮ್ ಸಯೀದ್. ಮಾವ ಅದನ್ನು ಒಂದು ಕಡೆ 'ಉಮ್ ಸೈದ್', ಇನ್ನೊಂದು ಕಡೆ 'ಅಮ್ಸೈದ್' ಅಂತ ಬರೆದಿದ್ದಾರೆ. ಹೊಸ ಹೆಸರು ಹಿಡಿದು ಹುಡುಕಿದ್ದರೆ ಅವರ ಒಂದು ಪತ್ರವೂ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. 1947ರವರೆಗೆ ಕೊಲ್ಲಿಯ ಬ್ರಿಟಿಷ್ ರೆಸಿಡೆನ್ಸಿ ನಡೆಯುತ್ತಿದ್ದದ್ದು ಭಾರತ ಸರ್ಕಾರದ ಕೈಕೆಳಗೆ. ಆ ಕಡತಗಳನ್ನು ಬ್ರಿಟಿಷ್ ಲೈಬ್ರರಿ ಮತ್ತು ಕತಾರ್ ರಾಷ್ಟ್ರೀಯ ಗ್ರಂಥಾಲಯ ಸೇರಿ 2014ರಿಂದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಇಟ್ಟಿವೆ. ಸಾಮಾನ್ಯ ಕೆಲಸಗಾರರ ಹೆಸರು ಅಲ್ಲಿ ಸಿಗೋದು ಅಪರೂಪ. ಆದರೆ ನಮ್ಮವರು ಬಂದಿಳಿದ ಬಂದರು ಆಗ ಹೇಗಿತ್ತು ಅನ್ನೋದು ಸಿಗುತ್ತದೆ.

ಇನ್ನು ಕಾಪಾಡುವ ವಿಷಯ. ಕಪ್ಪು-ಬಿಳುಪು ಫೋಟೊದ ಚಿತ್ರ ಇರೋದು ಬೆಳ್ಳಿಯ ಸೂಕ್ಷ್ಮ ಕಣಗಳಲ್ಲಿ. ಅವನ್ನು ಹಿಡಿದಿಟ್ಟಿರೋದು ಜೆಲಾಟಿನ್, ಅಂದ್ರೆ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಪ್ರೋಟೀನ್. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೂಷ್ಟಿಗೆ ಅದೊಂದು ಹಬ್ಬದೂಟ. ಗೆದ್ದಲಿಗೆ ಕಾಗದವೇ ಸಾಕು. ಮಾವ 70ರ ದಶಕದಲ್ಲಿ ಇಲ್ಲಿ ತೆಗೆಸಿದ ಬಣ್ಣದ ಫೋಟೊಗಳೆಲ್ಲ ಈಗ ಕೆಂಪಾಗಿವೆ. ಅದು ಮರುಭೂಮಿಯ ಬಣ್ಣ ಅಲ್ಲ. ಆಗಿನ ಕಾಗದದಲ್ಲಿ ಹಸಿರುನೀಲಿ ಬಣ್ಣದ ಪದರ ದುರ್ಬಲವಾಗಿತ್ತು, ಕತ್ತಲಲ್ಲಿಟ್ಟರೂ ಅದೇ ಮೊದಲು ಮಾಸುತ್ತಿತ್ತು, ಉಳಿದದ್ದು ಕೆಂಪು.

ಆದ್ದರಿಂದ ಮೊದಲು ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ. ಲ್ಯಾಮಿನೇಶನ್ ಬೇಡ, ಸೆಲ್ಲೋಟೇಪ್ ಬೇಡ, ಅಂಟು ಹಾಳೆಯ ಆಲ್ಬಮ್ ಬೇಡ. ಒಮ್ಮೆ ಮಾಡಿದರೆ ಇವನ್ನು ಬಿಡಿಸೋದು ಕಷ್ಟ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ತಂಪಾದ, ತೇವ ಇಲ್ಲದ ಕಡೆ ಇಡಿ. ಅಟ್ಟ, ಬಚ್ಚಲುಮನೆಯ ಪಕ್ಕದ ಗೋಡೆ ಬೇಡ. ಹಿಂಬದಿಯಲ್ಲಿ ಬರೆಯುವಾಗ ಮೆತ್ತನೆಯ ಪೆನ್ಸಿಲ್, ಒತ್ತದೆ, ಅಂಚಿನಲ್ಲಿ.

ಮತ್ತು ಇದೆಲ್ಲಕ್ಕಿಂತ ಮೊದಲು, ಮನೆಯ ಹಿರಿಯರ ಎದುರು ಕೂತು "ಇದು ಯಾರು?" ಅಂತ ಕೇಳಿ. ಅಷ್ಟು ಕೇಳಿ ಸುಮ್ಮನಿರಿ. ಅಮ್ಮ ಅಂದರೆ ಯಾರ ಅಮ್ಮ, ಅಕ್ಕ ಅಂದರೆ ಯಾರ ಮಗಳು ಅಂತ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದಿಡಿ, ತಾರೀಕು ಹಾಕಿ. ಕಾಗದ ಇನ್ನೂ ಹತ್ತು ವರ್ಷ ಕಾಯಬಹುದು. ಅವರ ನೆನಪು ಕಾಯೋದಿಲ್ಲ.

ಚಿಕ್ಕಪ್ಪ ಕೊನೆಗೆ 30 ಕಿಲೋದಲ್ಲಿ ಒಂದು ಮಿಕ್ಸಿ ಮತ್ತು ಎರಡು ಕಂಬಳಿ ಬಿಟ್ಟರು. ಸೂಟ್‌ಕೇಸಿನ ಕಾಗದಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಹೋದರು. ಗೋಡೆಯ ಫೋಟೊ ಇಳಿಸಬೇಕಾ ಅಂತ ಅಜ್ಜಿಯನ್ನು ಕೇಳಿದಾಗ, "ಯಾಕೆ? ಅಮ್ಮ ಅಲ್ವಾ?" ಅಂದರಂತೆ. ಹಾಗಾಗಿ ಅದು ಅಲ್ಲೇ ಇದೆ, ಹಾರವೂ ಇದೆ. ಚಿಕ್ಕ ಪ್ರತಿಯ ಹಿಂದೆ ಮಾತ್ರ ನಾವು ಪೆನ್ಸಿಲ್‌ನಲ್ಲಿ ನಾಲ್ವರ ಹೆಸರು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇವೆ: ಫೋಟೊದಲ್ಲಿ ಇಲ್ಲದವರ ಹೆಸರು, ಸಂಬಂಧ, 'ತಮ್ಮ ಹುಟ್ಟಿ ಹತ್ತು ದಿನಕ್ಕೆ' ಎಂಬ ಅಜ್ಜಿಯ ಮಾತು, ಹೇಳಿದ ದಿನಾಂಕ.

ನಿಮ್ಮ ಮನೆಯ ಗೋಡೆಯ ಮೇಲಿರುವ ಫೋಟೊದ ಹಿಂದೆ ಏನು ಬರೆದಿದೆ? ಇವತ್ತೇ ಒಮ್ಮೆ ನೋಡಿ. ಮುಂದಿನ ಕಂತಿನಲ್ಲಿ ಮತ್ತೆ ಸಿಗೋಣ.